ನೆರೆಯವರ ಹೊರೆ

ತಕ್ಕಡಿಯಲ್ಲಿ ಮೋಸ ಮಾಡುವುದು ತಪ್ಪು ಎಂದು ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ. ಕುರ್‌ಆನಿನಲ್ಲಿ ಅಳತೆ-ತೂಕದಲ್ಲಿ ವಂಚಿಸುವವರ ಹೆಸರಿನಲ್ಲೇ ಒಂದು ಅಧ್ಯಾಯವಿದೆ. ಉಳಿದ ಧರ್ಮಗಳೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಅರಸೀಕೆರೆಯ ಸಂತೆಗೆ ಹೋದರೆ ಹಿಂದೂ ಗಿರಾಕಿಯೂ ಮುಸಲ್ಮಾನ ವ್ಯಾಪಾರಿಯೂ ಒಟ್ಟಿಗೆ ಕಣ್ಣಿಡುವುದು ತಕ್ಕಡಿಯ ಮುಳ್ಳಿನ ಮೇಲೆ. ಕೆ.ಜಿ.ಗೆ ಐವತ್ತು ಗ್ರಾಂ ಕಡಿಮೆ ಬಿದ್ದರೆ ಜಗಳವಾಗುತ್ತದೆ. ಆಗಲೇಬೇಕು.

ಆದರೆ ತೂಕ ಸರಿಯಿದ್ದು, ಸರಕೂ ಚೆನ್ನಾಗಿದ್ದು, ಕೊಟ್ಟವನೂ ಕೊಂಡವನೂ ಸಂತೋಷವಾಗಿ ಮನೆಗೆ ಹೋದ ವ್ಯಾಪಾರದಲ್ಲೂ ಒಮ್ಮೊಮ್ಮೆ ಮೂರನೆಯವನೊಬ್ಬ ಕಳೆದುಕೊಂಡಿರುತ್ತಾನೆ. ಅವನು ಸಂತೆಗೆ ಬಂದಿರಲಿಲ್ಲ. ಆ ಬೆಲೆಗೆ ಅವನ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಅರ್ಥಶಾಸ್ತ್ರದ ಕನ್ನಡ ಪಠ್ಯಪುಸ್ತಕಗಳು ಇದನ್ನು ‘ಬಾಹ್ಯತೆ’ ಎಂದು ಕರೆಯುತ್ತವೆ. ಆ ಪದವನ್ನು ಕೇಳಿದರೆ ಏನೋ ದೂರದ್ದು, ನಮಗೆ ಸಂಬಂಧಿಸದ್ದು ಎನಿಸುತ್ತದೆ. ನಮ್ಮ ಆಡುಮಾತಿನಲ್ಲಿ ಇದಕ್ಕಿಂತ ಹತ್ತಿರದ ಪದವಿದೆ. ನೆರೆಹೊರೆ ಎನ್ನುತ್ತೇವಲ್ಲ, ಅದರಲ್ಲಿನ ‘ಹೊರೆ’ಗೆ ಭಾರವೆಂಬ ಅರ್ಥವೂ ಕೇಳಿಸುತ್ತದೆ. ಲಾಭ ನಮ್ಮದಾಗಿ, ಹೊರೆ ನೆರೆಯವನದಾದರೆ ಅದನ್ನು ಏನೆಂದು ಕರೆಯಬೇಕು? ಮೋಸವೆಂದೇ? ಅಥವಾ ವ್ಯಾಪಾರವೆಂದು ಸುಮ್ಮನಾಗಬೇಕೆ? ಈ ಪ್ರಶ್ನೆಯನ್ನು ಹಿಡಿದು ಅರಸೀಕೆರೆ, ಹಳೇಬೀಡು, ಬೇಲೂರುಗಳ ದಾರಿಯಲ್ಲಿ ಸ್ವಲ್ಪ ಹೊತ್ತು ನಡೆಯೋಣ.

ಅರಸೀಕೆರೆ ಬಯಲುಸೀಮೆಯ ಊರು. ಹೆಸರಿನಲ್ಲೇ ಕೆರೆಯಿದೆ. ಅರಸಿಯ ಕೆರೆ, ಹೊಯ್ಸಳರ ಕಾಲದ ರಾಣಿಯೊಬ್ಬಳು ಕಟ್ಟಿಸಿದ್ದು ಎಂಬುದು ಜನ ನಂಬಿಕೊಂಡು ಬಂದ ಮಾತು. ಈಗ ಇಲ್ಲಿನ ಬದುಕು ನಿಂತಿರುವುದು ತೆಂಗಿನ ಮೇಲೆ. ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಲು ಬಿಟ್ಟು ಉಂಡೆ ಕೊಬ್ಬರಿ ಮಾಡಿ, ಇಲ್ಲಿಯ ಮಾರುಕಟ್ಟೆಗೋ ಪಕ್ಕದ ತಿಪಟೂರಿಗೋ ಒಯ್ದು ಮಾರುತ್ತಾರೆ. ಆ ತೆಂಗು ನಿಂತಿರುವುದು ಕೊಳವೆಬಾವಿಯ ನೀರಿನ ಮೇಲೆ. ತೋಡಿದ ಬಾವಿಗಳು ಬತ್ತಿದವು, ಕೊರೆದ ಬಾವಿಗಳು ಬಂದವು. ಅವೂ ಬತ್ತಿದಾಗ ಇನ್ನೂ ಆಳಕ್ಕೆ ಹೋದೆವು. ತಮಿಳುನಾಡಿನ ತಿರುಚೆಂಗೋಡಿನ ಕಡೆಯ ಕೊರೆಯುವ ಲಾರಿ ಊರಿಗೆ ಬಂತೆಂದರೆ ರಾತ್ರಿಯೆಲ್ಲ ಸದ್ದು. ಸಾವಿರ ಅಡಿ ಕೊರೆಸಿದರೂ ಬರೀ ಧೂಳು ಬಂತೆಂದು ತಲೆ ಮೇಲೆ ಕೈಹೊತ್ತು ಕೂತ ಮನೆಗಳು ಯಾವ ಹಳ್ಳಿಯಲ್ಲಿಲ್ಲ?

ನೀರು ಬಂದ ಮನೆಯ ಕತೆಯನ್ನೇ ನೋಡೋಣ. ಒಬ್ಬನ ಹೊಲದಲ್ಲಿ ಒಂಬೈನೂರು ಅಡಿಗೆ ಮೂರಿಂಚು ನೀರು ಬಂತು. ಸ್ವಲ್ಪ ದಿನಗಳ ನಂತರ ಪಕ್ಕದ ಹೊಲದ ನಾನೂರು ಅಡಿಯ ಬಾವಿ ಕೆಮ್ಮತೊಡಗಿತು. ಆಮೇಲೆ ನಿಂತಿತು. ಯಾರೂ ಯಾರ ಪೈಪನ್ನೂ ಕತ್ತರಿಸಲಿಲ್ಲ, ಯಾರ ಬೇಲಿಯನ್ನೂ ದಾಟಲಿಲ್ಲ. ತನ್ನ ಜಮೀನಿನಲ್ಲಿ, ತನ್ನ ದುಡ್ಡಿನಲ್ಲಿ, ತನ್ನ ಮಕ್ಕಳ ಹೊಟ್ಟೆಗಾಗಿ ಒಬ್ಬ ಕೊರೆಸಿದ. ಇನ್ನೊಬ್ಬನ ತೋಟ ಒಣಗಿತು. ಇಲ್ಲಿ ಕಳ್ಳನಿಲ್ಲ, ಆದರೂ ಕಳುವಾಗಿದೆ.

ಇದನ್ನು ಲೆಕ್ಕದಲ್ಲಿ ಇಟ್ಟು ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಹೊಸ ನೀರಿನಿಂದ ಮೊದಲನೆಯ ರೈತ ಒಂದು ಕ್ವಿಂಟಲ್ ಕೊಬ್ಬರಿ ಹೆಚ್ಚು ತೆಗೆದ ಎನ್ನೋಣ. ಮಾರಿದ್ದು 12,000 ರೂಪಾಯಿಗೆ. ಅವನ ಖರ್ಚು 9,000. ಲಾಭ 3,000. ಅದೇ ನೀರು ಹೋದದ್ದರಿಂದ ಪಕ್ಕದವನಿಗೆ ಆದ ನಷ್ಟ 5,000. ಮೊದಲನೆಯವನ ಪುಸ್ತಕದಲ್ಲಿ ಇದು ಲಾಭದ ವ್ಯವಹಾರ. ಇಬ್ಬರ ಪುಸ್ತಕವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಊರಿಗೆ 2,000 ರೂಪಾಯಿ ನಷ್ಟ. ಆದರೂ ಈ ವ್ಯವಹಾರ ನಡೆಯುತ್ತಲೇ ಇರುತ್ತದೆ. ಯಾಕೆಂದರೆ ಇಬ್ಬರ ಪುಸ್ತಕವನ್ನು ಒಟ್ಟಿಗೆ ಇಡುವವರು ಯಾರೂ ಇಲ್ಲ. ಕೊಬ್ಬರಿಯ ಬೆಲೆಯಲ್ಲಿ ಗೊಬ್ಬರವಿದೆ, ಕೂಲಿಯಿದೆ, ಸಾಗಣೆಯಿದೆ. ಪಕ್ಕದವನ ಬತ್ತಿದ ಬಾವಿ ಇಲ್ಲ.

ಮಾರುಕಟ್ಟೆ ತನ್ನಷ್ಟಕ್ಕೆ ತಾನೇ ಎಲ್ಲವನ್ನೂ ದಕ್ಷವಾಗಿ ಹಂಚುತ್ತದೆ ಎಂಬ ಮಾತಿಗೆ ಇಲ್ಲಿ ಅಡ್ಡಿ ಬರುತ್ತದೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆರ್ಥರ್ ಸೆಸಿಲ್ ಪಿಗೂ 1920ರಲ್ಲಿ ಇದಕ್ಕೊಂದು ಮದ್ದು ಹೇಳಿದರು. ಯಾರ ಕೆಲಸದಿಂದ ಬೇರೆಯವರಿಗೆ ಹಾನಿಯಾಗುತ್ತದೋ ಅವರ ಮೇಲೆ ಆ ಹಾನಿಯಷ್ಟೇ ತೆರಿಗೆ ಹಾಕಿ. ನಮ್ಮ ಉದಾಹರಣೆಯಲ್ಲಿ ಆ ಕ್ವಿಂಟಲ್ಲಿನ ಮೇಲೆ 5,000 ರೂಪಾಯಿ. ಆಗ ರೈತನಿಗೆ ಅದು ಲಾಭವಲ್ಲ, 2,000 ರೂಪಾಯಿ ನಷ್ಟ. ಯಾರೂ ಉಪದೇಶ ಮಾಡದೆಯೇ ಅವನು ಕೈಬಿಡುತ್ತಾನೆ. ಅದೇ ರೀತಿ, ಯಾರ ಕೆಲಸದಿಂದ ಬೇರೆಯವರಿಗೆ ಒಳ್ಳೆಯದಾಗುತ್ತದೋ ಅವರಿಗೆ ಸಹಾಯಧನ ಕೊಡಿ. ಪಿಗೂ ಕಂಡಂತೆ ತೆರಿಗೆ ಸರ್ಕಾರದ ಹುಂಡಿ ಮಾತ್ರವಲ್ಲ, ಸುಳ್ಳು ಹೇಳುತ್ತಿರುವ ಬೆಲೆಯ ಬಾಯಿಂದ ನಿಜ ಹೊರಡಿಸುವ ಉಪಾಯ.

ನಲವತ್ತು ವರ್ಷಗಳ ನಂತರ, 1960ರಲ್ಲಿ, ರೊನಾಲ್ಡ್ ಕೋಸ್ ಎಂಬುವರು ಬೇರೊಂದು ಮಾತು ಹೇಳಿದರು. ಸರ್ಕಾರ ಯಾಕೆ ಬೇಕು, ಇಬ್ಬರೂ ಕೂತು ಮಾತಾಡಲಿ. ಪಕ್ಕದವನು 4,000 ರೂಪಾಯಿ ಕೊಟ್ಟು ‘ಆ ನೀರು ಎತ್ತಬೇಡ’ ಎಂದರೆ ಇವನಿಗೆ 3,000ದ ಬದಲು 4,000 ಸಿಕ್ಕಿತು, ಅವನಿಗೆ 5,000ದ ನಷ್ಟ 4,000ಕ್ಕೆ ಇಳಿಯಿತು. ನೀರಿನ ಹಕ್ಕು ಪಕ್ಕದವನದೇ ಆಗಿದ್ದರೂ ಫಲ ಅದೇ. 3,000 ಲಾಭಕ್ಕಾಗಿ 5,000 ಪರಿಹಾರ ಕೊಡಲು ಯಾರೂ ಬರುವುದಿಲ್ಲ, ನೀರು ಭೂಮಿಯಲ್ಲೇ ಉಳಿಯುತ್ತದೆ. ಹಕ್ಕು ಯಾರದೆಂಬುದು ಸ್ಪಷ್ಟವಿದ್ದು, ಮಾತುಕತೆಗೆ ಖರ್ಚಿಲ್ಲದಿದ್ದರೆ ಹೀಗಾಗುತ್ತದೆ ಎಂದರು ಕೋಸ್. ನಿಜ ಜಗತ್ತಿನಲ್ಲಿ ಮಾತುಕತೆಗೆ ಖರ್ಚಿದೆ ಎಂಬುದನ್ನೂ ಅವರೇ ಒತ್ತಿ ಹೇಳಿದ್ದಾರೆ. 1991ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಎರಡೂ ದಾರಿಯಲ್ಲಿ ದಕ್ಷತೆ ಒಂದೇ ಎಂಬುದು ಅರ್ಥಶಾಸ್ತ್ರದ ಲೆಕ್ಕ. ನೀತಿಯ ಲೆಕ್ಕ ಹಾಗಿಲ್ಲ. ಮೊದಲನೆಯ ದಾರಿಯಲ್ಲಿ ಬಾವಿ ಬತ್ತುವ ಭಯದಲ್ಲಿರುವವನು ‘ದಯವಿಟ್ಟು ನನ್ನನ್ನು ಹಾಳು ಮಾಡಬೇಡ’ ಎಂದು ದುಡ್ಡು ಕೊಡಬೇಕು. ಎರಡನೆಯದರಲ್ಲಿ ಹಾಳು ಮಾಡುವವನು ಬಂದು ಅನುಮತಿ ಕೇಳಬೇಕು. ಊಟದ ಎಲೆಯಲ್ಲಿ ಬಡಿಸಿದ್ದು ಅಷ್ಟೇ ಇರಬಹುದು, ಯಾರು ಕೂತಿದ್ದಾರೆ, ಯಾರು ಕೈಕಟ್ಟಿ ನಿಂತಿದ್ದಾರೆ ಎಂಬುದು ಬೇರೆ. ಎರಡೆಕರೆಯ ವಿಧವೆಯ ಬಳಿ ಕೊಡಲು 4,000 ರೂಪಾಯಿಯೂ ಇರುವುದಿಲ್ಲ. ಮತ್ತೆ ಒಂದು ಬಾವಿಯಿಂದ ಬತ್ತುವುದು ಒಂದೇ ಬಾವಿಯಲ್ಲ. ನಲವತ್ತು ಜನ ಕೊರೆಸಿ ನಲವತ್ತು ಜನರ ನೀರು ಹೋದಾಗ ಯಾರು ಯಾರೊಡನೆ ಕೂತು ಮಾತಾಡುವುದು? ಮುಂದೆ ಹುಟ್ಟುವ ಮಕ್ಕಳ ಪರವಾಗಿ ಯಾರು ಕೂರುವುದು?

ಹಕ್ಕು ಯಾರದು ಎಂಬ ಪ್ರಶ್ನೆಗೆ ಕಾನೂನು ಏನು ಹೇಳಿದೆ? 1843ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಇಂಥದೇ ಮೊಕದ್ದಮೆ ಬಂದಿತ್ತು. ಆ್ಯಕ್ಟನ್ ವಿರುದ್ಧ ಬ್ಲಂಡೆಲ್. ಕಲ್ಲಿದ್ದಲಿನ ಗುಂಡಿ ತೋಡಿದವರಿಂದ ಹತ್ತಿರದ ಹತ್ತಿ ಗಿರಣಿಯ ಬಾವಿ ಬತ್ತಿಹೋಗಿತ್ತು. ತನ್ನ ನೆಲದ ಕೆಳಗಿನ ನೀರನ್ನು ಭೂಮಾಲೀಕ ಬಳಸಿದರೆ ಪಕ್ಕದವನಿಗೆ ದೂರು ಹೇಳುವ ಹಕ್ಕಿಲ್ಲ ಎಂದು ನ್ಯಾಯಾಲಯ ಹೇಳಿತು. ಅದೇ ತತ್ವ 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆಯೊಳಕ್ಕೂ ಬಂತು. ನೆಲದಡಿ ನೀರು ಹೇಗೆ ಹರಿಯುತ್ತದೆಂದು ಸರಿಯಾಗಿ ತಿಳಿಯದ ಕಾಲದ ತೀರ್ಪದು. ಸಾವಿರ ಅಡಿಯ ಕೊಳವೆಬಾವಿಯ ಕಾಲದಲ್ಲೂ ಅದರ ನೆರಳಿನಲ್ಲೇ ಬದುಕುತ್ತಿದ್ದೇವೆ. ಕರ್ನಾಟಕದಲ್ಲಿ 2011ರಲ್ಲಿ ಅಂತರ್ಜಲ ನಿಯಂತ್ರಣಕ್ಕೆ ಕಾಯ್ದೆಯಾಯಿತು. ಅಧಿಸೂಚಿತ ಪ್ರದೇಶಗಳಲ್ಲಿ ಕೊರೆಸಲು ಅನುಮತಿ ಬೇಕು, ಬಾವಿಯ ನೋಂದಣಿ ಆಗಬೇಕು. ಆದರೆ ‘ನನ್ನ ನೆಲ, ನನ್ನ ನೀರು’ ಎಂಬ ಭಾವನೆ ಕಾಗದದ ಅನುಮತಿಗಿಂತ ಹಳೆಯದು.

ಇಸ್ಲಾಮೀ ನ್ಯಾಯಶಾಸ್ತ್ರದಲ್ಲಿ ಬಾವಿಗೆ ‘ಹರೀಮ್’ ಎಂಬುದೊಂದು ಇದೆ. ಯಾರದೂ ಅಲ್ಲದ ಬಂಜರಿನಲ್ಲಿ ಒಬ್ಬ ಬಾವಿ ತೋಡಿದರೆ ಅದರ ಸುತ್ತ ನಲವತ್ತು ಮೊಳದಷ್ಟು ಜಾಗದಲ್ಲಿ ಬೇರೊಬ್ಬ ತೋಡಕೂಡದು. ಮರುಭೂಮಿಯ ಜನರಿಗೆ ನೀರಿನ ನೆರೆಹೊರೆ ಎಂದರೇನೆಂದು ಚೆನ್ನಾಗಿ ಗೊತ್ತಿತ್ತು. 1869ರಿಂದ 1876ರವರೆಗೆ ಸಿದ್ಧವಾದ ಉಸ್ಮಾನಿಯಾ ಸಾಮ್ರಾಜ್ಯದ ‘ಮಜಲ್ಲಾ’ ಕಾನೂನು ಸಂಹಿತೆಯಲ್ಲೂ ಈ ನಿಯಮವಿದೆ. ಆದರೆ ಅಲ್ಲಿಗೇ ನಿಲ್ಲಿಸಿ ‘ನೋಡಿ, ನಮ್ಮಲ್ಲಿ ಎಲ್ಲವೂ ಇತ್ತು’ ಎಂದು ಬೆನ್ನು ತಟ್ಟಿಕೊಳ್ಳುವುದು ಪ್ರಾಮಾಣಿಕತೆಯಲ್ಲ. ಹರೀಮಿನ ಹೊರಗೆ ಒಬ್ಬ ಬಾವಿ ತೋಡಿ, ಮೊದಲನೆಯ ಬಾವಿಯ ನೀರು ಅತ್ತ ಹರಿದು ಹೋದರೆ ದೂರಿಲ್ಲ ಎಂದೂ ಅದೇ ಸಂಹಿತೆ ಹೇಳುತ್ತದೆ. ಅದಕ್ಕೊಂದು ಹೋಲಿಕೆಯೂ ಉಂಟು. ಒಬ್ಬನ ಅಂಗಡಿಯ ಪಕ್ಕ ಇನ್ನೊಬ್ಬ ಅಂಗಡಿ ತೆರೆದು ಮೊದಲನೆಯವನ ವ್ಯಾಪಾರ ಇಳಿದರೆ ಎರಡನೆಯ ಅಂಗಡಿಯನ್ನು ಮುಚ್ಚಿಸಲಾಗದು, ಇದೂ ಹಾಗೆಯೇ.

ಈ ಹೋಲಿಕೆಯ ಹತ್ತಿರ ಸ್ವಲ್ಪ ನಿಲ್ಲಬೇಕು. ಪಕ್ಕದಲ್ಲಿ ಅಂಗಡಿ ಬಂದಾಗ ಹಳೆಯ ಅಂಗಡಿಯವನಿಗೆ ನಷ್ಟವಾಗುವುದು ನಿಜ. ಆದರೆ ಬೆಲೆ ಇಳಿದು ಗಿರಾಕಿಗೆ ಲಾಭವಾಗುತ್ತದೆ. ಒಬ್ಬನ ಕೈಯಿಂದ ಹೋದದ್ದು ಇನ್ನೊಬ್ಬನ ಕೈಗೆ ಬಂದಿದೆ, ಊರಿನ ಒಟ್ಟು ಗಂಟು ಕರಗಿಲ್ಲ. ಇಂಥ ನಷ್ಟವನ್ನೆಲ್ಲ ತಡೆಯ ಹೊರಟರೆ ಯಾರೂ ಹೊಸ ಅಂಗಡಿ ತೆರೆಯುವಂತಿಲ್ಲ, ಹೊಸ ಕೆಲಸ ಕಲಿಯುವಂತಿಲ್ಲ. ಬಾವಿಯ ಕತೆ ಬೇರೆ. ನಾನೂರು ಅಡಿಯಲ್ಲಿ ಸಿಗುತ್ತಿದ್ದ ನೀರಿಗೆ ಈಗ ಎಲ್ಲರೂ ಒಂಬೈನೂರು ಅಡಿಗೆ ಹೋಗಬೇಕು. ಹೆಚ್ಚಿನ ಪೈಪು, ಹೆಚ್ಚಿನ ಮೋಟಾರು, ಹೆಚ್ಚಿನ ಸಾಲ. ಅಷ್ಟು ಖರ್ಚು ಮಾಡಿದ ಮೇಲೂ ಬರುವುದು ಅದೇ ನೀರು, ಅಥವಾ ಅದಕ್ಕಿಂತ ಕಡಿಮೆ. ಗಂಟೇ ಕರಗಿದೆ. ಹಳೆಯ ಫಕೀಹರ ಹೋಲಿಕೆ ಕೈಯಲ್ಲಿ ತೋಡಿದ ಬಾವಿಗೆ ಸರಿಯಿತ್ತೇನೋ. ನಲವತ್ತು ಮೊಳ ದೂರದ ಕೊಳವೆಬಾವಿಗೆ ಅದು ಸರಿಯಲ್ಲ. ನಿಯಮದ ಅಕ್ಷರಕ್ಕಿಂತ ಅದರ ಹಿಂದಿನ ಕಾಳಜಿ ದೊಡ್ಡದು. ಯಂತ್ರದ ಉದ್ದ ಬೆಳೆದಂತೆ ಹರೀಮೂ ಬೆಳೆಯಬೇಕು.

ಹಾಗಾದರೆ ಪಿಗೂ ಹೇಳಿದಂತೆ ನೀರಿಗೆ ತೆರಿಗೆ ಹಾಕಿಬಿಡೋಣವೆ? ನಮ್ಮ ಸರ್ಕಾರಗಳು ಮಾಡಿರುವುದು ಇದರ ತದ್ವಿರುದ್ಧ. ಕರ್ನಾಟಕದಲ್ಲಿ 2008ರಿಂದ 10 ಅಶ್ವಶಕ್ತಿವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ. ಅದಕ್ಕಾಗಿ ಸರ್ಕಾರ ವಿದ್ಯುತ್ ಕಂಪನಿಗಳಿಗೆ ಕೊಡುವ ಹಣ ಈಗ ವರ್ಷಕ್ಕೆ 10,000 ಕೋಟಿ ರೂಪಾಯಿಗೂ ಹೆಚ್ಚು. ನೆರೆಯವನಿಗೆ ಹೊರೆಯಾಗುವ ಕೆಲಸಕ್ಕೆ ತೆರಿಗೆಯ ಬದಲು ಸಹಾಯಧನ. ಮೋಟಾರು ಎಷ್ಟು ಹೊತ್ತು ಓಡಿದರೂ ಮೀಟರಿಲ್ಲ, ಬಿಲ್ಲಿಲ್ಲ. ಕರೆಂಟು ಇದ್ದಷ್ಟು ಹೊತ್ತೂ ಮೋಟಾರು ಓಡಲಿ ಎಂದು ಆಟೋಮ್ಯಾಟಿಕ್ ಸ್ಟಾರ್ಟರ್ ಹಾಕಿಸುವುದು ರೈತನಿಗೆ ಜಾಣತನವೇ ಆಗುತ್ತದೆ.

ಆದರೆ ರೈತನನ್ನು ಬೈಯುವ ಮೊದಲು ತೆರಿಗೆಯ ಇನ್ನೊಂದು ಗುಣವನ್ನು ತಿಳಿಯಬೇಕು. ತೆರಿಗೆ ಕಟ್ಟುವವನು ಬೇರೆ, ಹೊರುವವನು ಬೇರೆ. 2017ರಲ್ಲಿ ಜಿಎಸ್‌ಟಿ ಬಂದಾಗ ತೆಂಗಿನಕಾಯಿ ತೆರಿಗೆಯಿಂದ ಹೊರಗುಳಿಯಿತು, ಕೊಬ್ಬರಿಗೆ ಶೇಕಡಾ 5 ಬಿತ್ತು. ಕಾಗದದ ಮೇಲೆ ಅದನ್ನು ಕಟ್ಟುವವನು ವರ್ತಕ. ಅವನು ಅದನ್ನು ಮುಂದಿನ ಊರಿನ ಗಿರಾಕಿಯ ಮೇಲೆ ಹಾಕಬಹುದು. ಗಿರಾಕಿ ಒಪ್ಪದಿದ್ದರೆ ರೈತನಿಗೆ ಕೊಡುವ ಬೆಲೆಯಲ್ಲಿ ಮುರಿದುಕೊಳ್ಳಬಹುದು. ಹೊರೆ ಕೊನೆಗೆ ಬೀಳುವುದು ಓಡಿಹೋಗಲಾರದವನ ಮೇಲೆ. ವರ್ತಕ ನಾಳೆ ಕೊಬ್ಬರಿ ಬಿಟ್ಟು ಬೇರೆ ಸರಕು ಹಿಡಿಯುತ್ತಾನೆ. ಗಿರಾಕಿ ಬೇರೆ ಎಣ್ಣೆ ಕೊಳ್ಳುತ್ತಾನೆ. ತೆಂಗಿನ ಮರಕ್ಕೆ ಕಾಲಿಲ್ಲ. ನೆಟ್ಟು ಫಲ ಬರಲು ಆರೇಳು ವರ್ಷ ಬೇಕು, ಬಂದ ಮೇಲೆ ಐವತ್ತು ಅರವತ್ತು ವರ್ಷ ಅಲ್ಲೇ ನಿಂತಿರುತ್ತದೆ. ಮರದ ಜೊತೆ ರೈತನೂ ನಿಂತಿರುತ್ತಾನೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗೆ ಬಿದ್ದಿತ್ತು. ಅಂಥ ವರ್ಷದಲ್ಲಿ ನೀರಿನ ತೆರಿಗೆಯನ್ನೂ ಹಾಕಿದ್ದರೆ ಆಳಕ್ಕೆ ಕೊರೆಸಿದ ದೊಡ್ಡವನು ತಡೆದುಕೊಳ್ಳುತ್ತಿದ್ದ. ಸಣ್ಣವನು ಬೆಂಗಳೂರಿನ ರೈಲು ಹತ್ತುತ್ತಿದ್ದ.

ಇಬ್ನ್ ಖಲ್ದೂನ್ 1377ರಲ್ಲಿ ಬರೆದ ‘ಮುಕದ್ದಿಮಾ’ದಲ್ಲಿ ತೆರಿಗೆಯ ಬಗ್ಗೆ ಒಂದು ಸೂಕ್ಷ್ಮವನ್ನು ಗುರುತಿಸಿದ್ದಾರೆ. ರಾಜ್ಯದ ಆರಂಭದಲ್ಲಿ ತೆರಿಗೆಯ ದರ ಕಡಿಮೆಯಿದ್ದರೂ ಆದಾಯ ಹೆಚ್ಚು, ಅದರ ಕೊನೆಗಾಲದಲ್ಲಿ ದರ ಹೆಚ್ಚಿದ್ದರೂ ಆದಾಯ ಕಡಿಮೆ. ದುಡಿಯುವವನಿಗೆ ದುಡಿಯುವ ಆಸೆಯೇ ಹೋದರೆ ಬೊಕ್ಕಸಕ್ಕೆ ಬರುವುದೇನು ಎಂಬುದು ಅವರ ತರ್ಕ. ಹಾಗಾಗಿ ಎಲ್ಲ ತೆರಿಗೆಯೂ ಒಂದೇ ಅಲ್ಲ. ಬೆವರಿನ ಮೇಲಿನ ತೆರಿಗೆ ಬೆವರನ್ನು ಕಡಿಮೆ ಮಾಡುತ್ತದೆ. ಹಾನಿಯ ಮೇಲಿನ ತೆರಿಗೆ ಹಾನಿಯನ್ನು ಕಡಿಮೆ ಮಾಡುತ್ತದೆ. ನಮ್ಮಲ್ಲಿ ಬೆವರಿಗೆ ತೆರಿಗೆಯಿದೆ, ಹಾನಿಗೆ ವಿನಾಯಿತಿಯಿದೆ.

ಈಗ ಹಳೇಬೀಡಿಗೆ ಬರೋಣ. ದೋರಸಮುದ್ರವೆಂಬ ಹಳೆಯ ಹೆಸರಿನಲ್ಲಿ ಸಮುದ್ರವಾಗಿರುವುದು ಅಲ್ಲಿಯ ದೊಡ್ಡ ಕೆರೆ. ಹಾಸನ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ ಒಟ್ಟುಗೂಡಿಸಿ 1902ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟವಾಗಿ ಪ್ರಕಟಿಸಿದರು. ಕನ್ನಡ ನಾಡಿನ ಹಳೆಯ ಶಾಸನಗಳಲ್ಲಿ ಕೆರೆಗೊಡಗೆ, ಬಿತ್ತುವಟ್ಟ, ದಶವಂದ ಎಂಬ ಮಾತುಗಳು ಬರುತ್ತವೆ. ಕೆರೆ ಕಟ್ಟಿದವರಿಗೆ, ಕೆರೆಯನ್ನು ಉಳಿಸಿಕೊಂಡು ಬಂದವರಿಗೆ ತೆರಿಗೆಯಿಲ್ಲದ ಭೂಮಿ ಅಥವಾ ಫಸಲಿನ ಪಾಲು. ಕೆರೆ ಕಟ್ಟಿದವನ ನೀರು ಅವನ ಹೊಲಕ್ಕಷ್ಟೇ ಹರಿಯುವುದಿಲ್ಲ, ಸುತ್ತಲ ಬಾವಿಗಳಿಗೂ ಇಳಿಯುತ್ತದೆ, ದನಕರುಗಳ ಬಾಯಿಗೂ ಹೋಗುತ್ತದೆ. ಅವನು ಊರಿಗೆ ಮಾಡಿದ ಉಪಕಾರಕ್ಕೆ ಊರು ತೆರಿಗೆ ಬಿಟ್ಟುಕೊಟ್ಟು ಋಣ ತೀರಿಸುತ್ತಿತ್ತು. ಪಿಗೂ ಹುಟ್ಟುವುದಕ್ಕೆ ಏಳೆಂಟು ಶತಮಾನ ಮೊದಲೇ ಅವರ ಸೂತ್ರದ ಅರ್ಧಭಾಗ ಇಲ್ಲಿ ಕಲ್ಲಿನ ಮೇಲಿತ್ತು. ಹಾಗೆಂದು ಆ ಕಾಲವನ್ನು ಸುವರ್ಣಯುಗ ಮಾಡಬೇಕಿಲ್ಲ. ಕೊಡಗೆ ಪಡೆದವರ ಹೆಸರು ಶಾಸನದಲ್ಲಿದೆ, ಮಣ್ಣು ಹೊತ್ತವರ ಹೆಸರನ್ನು ಹುಡುಕಬೇಕು. ಅಂದಿನ ಲೆಕ್ಕದಲ್ಲೂ ಕೆಲವರ ಹೊರೆ ಬರೆಯದೆ ಉಳಿದಿತ್ತು.

ಬರೆಯದೆ ಉಳಿಯುವ ಹೊರೆ ಹಳೇಬೀಡು, ಬೇಲೂರುಗಳಲ್ಲಿ ಇಂದೂ ಇದೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆ ತೀರ್ಮಾನವಾದದ್ದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಸೇರಿದ ಸಭೆಯಲ್ಲಿ. ನಮಗೆಲ್ಲ ಹೆಮ್ಮೆಯ ದಿನ ಅದು. ಆದರೆ ದೇಗುಲದ ಗೋಡೆಯ ಆಚೆ ಮನೆ ಕಟ್ಟಿಕೊಂಡವರನ್ನೂ ನೆನೆಯಬೇಕು. 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಮಗನಿಗೆ ಮದುವೆಯಾಯಿತೆಂದು ಮೇಲೊಂದು ಕೋಣೆ ಎತ್ತುವಂತಿಲ್ಲ. ಬಳಪದ ಕಲ್ಲಿನ ಆ ಕೆತ್ತನೆಯನ್ನು ಉಳಿಸಲು ಇಂಥ ನಿಯಮ ಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ಜಗತ್ತೆಲ್ಲ ನೋಡಿ ಸಂತೋಷಪಡುವ ಸೌಂದರ್ಯದ ಬಾಡಿಗೆಯನ್ನು ದೇಗುಲದ ಬೀದಿಯ ಕೆಲವು ಮನೆಗಳು ಮಾತ್ರ ಕಟ್ಟುತ್ತಿವೆ. ಅರಸೀಕೆರೆಯಲ್ಲಿ ಒಬ್ಬನ ಲಾಭಕ್ಕೆ ಹಲವರ ನಷ್ಟವಾದರೆ, ಇಲ್ಲಿ ಹಲವರ ಲಾಭಕ್ಕೆ ಕೆಲವರ ನಷ್ಟ.

ಹಳೇಬೀಡಿನಿಂದ ಹದಿನಾರು ಕಿಲೋಮೀಟರ್ ಹೋದರೆ ಬೇಲೂರು. ತೆಂಗಿನ ಬಯಲು ಹಿಂದೆ ಉಳಿದು ಕಾಫಿಯ ನೆರಳು ಶುರುವಾಗುತ್ತದೆ. ಇಲ್ಲಿಯ ಕಾಫಿಯ ಬೆಲೆ ನಿಶ್ಚಯವಾಗುವುದು ರೊಬಸ್ಟಾ ಆದರೆ ಲಂಡನ್ನಿನಲ್ಲಿ, ಅರೇಬಿಕಾ ಆದರೆ ನ್ಯೂಯಾರ್ಕಿನಲ್ಲಿ. ಆ ಬೆಲೆಯಲ್ಲಿ ಬ್ರೆಜಿಲ್ಲಿನ ಬರವೂ ಸೇರುತ್ತದೆ, ವಿಯೆಟ್ನಾಮಿನ ಫಸಲೂ ಸೇರುತ್ತದೆ. ಬೆಳಗಿನ ಮಂಜಿನಲ್ಲಿ ತೋಟಕ್ಕೆ ನಡೆದು ಹೋಗುವ ಕೂಲಿಯವಳ ಎದುರು ಬರುವ ಆನೆ ಸೇರುವುದಿಲ್ಲ. ಬೇಲೂರು, ಆಲೂರು, ಸಕಲೇಶಪುರ ತಾಲ್ಲೂಕುಗಳಲ್ಲಿ ಆನೆಯಿಂದ ಸತ್ತವರಲ್ಲಿ ಬಹಳ ಮಂದಿ ತೋಟದ ಕೂಲಿಗಳು. ಆನೆ ಯಾಕೆ ತೋಟಕ್ಕೆ ಬಂತು? ಅದಕ್ಕೆ ಒಂದೇ ಕಾರಣವಿಲ್ಲ. ಆದರೆ ಒಂದು ಎಳೆಯನ್ನು ಹಿಡಿದು ಹೋದರೆ ಗೊರೂರಿಗೆ ಮುಟ್ಟುತ್ತೇವೆ. 1979ರಲ್ಲಿ ಮುಗಿದ ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಮನೆ ಕಳೆದುಕೊಂಡವರಲ್ಲಿ ಅನೇಕರಿಗೆ ಕಾಡಿನ ಜಾಗ ಕೊಟ್ಟರು. ಆನೆಯ ಮನೆ ಮನುಷ್ಯನ ಮನೆಯಾಯಿತು. ನೀರು ಕೆಳಗಿನ ಜಿಲ್ಲೆಗಳ ಗದ್ದೆಗೆ ಹೋಯಿತು, ಹೊರೆ ಮೇಲಿನವರ ತಲೆಗೆ ಬಂತು, ಅಲ್ಲಿಂದ ಜಾರಿ ಕೂಲಿಯವಳ ತಲೆಗೆ ಬಂತು. ಅವಳಿಂದ ಕೆಳಗೆ ಜಾರಿಸಲು ಯಾರೂ ಇಲ್ಲ. ಸತ್ತ ಮೇಲೆ ಸರ್ಕಾರ ಪರಿಹಾರ ಕೊಡುತ್ತದೆ. ಕೊಡಲಿ, ಹೆಚ್ಚು ಕೊಡಲಿ. ಆದರೆ ಸತ್ತ ಮೇಲೆ ಬರುವ ದುಡ್ಡು ಆ ಅಪಾಯಕ್ಕೆ ಅವಳ ಒಪ್ಪಿಗೆಯಾಗಿತ್ತು ಎಂದು ತೋರಿಸುವುದಿಲ್ಲ.

ಹೊರೆ ಹೀಗೆ ಜಾರುತ್ತಾ ಹೋಗುವುದರ ದೊಡ್ಡ ಉದಾಹರಣೆ ಈಗ ನಮ್ಮ ಕಣ್ಣೆದುರೇ ಇದೆ. ಬಯಲುಸೀಮೆಯ ಬತ್ತಿದ ಬಾಯಿಗೆ ನೀರು ಕೊಡಲು ಎತ್ತಿನಹೊಳೆ ಯೋಜನೆ ಬಂತು. ಸಕಲೇಶಪುರದ ಕಡೆ ಪಶ್ಚಿಮಕ್ಕೆ ಹರಿಯುವ ಹಳ್ಳಗಳಿಂದ 24.01 ಟಿಎಂಸಿ ನೀರನ್ನು ಎತ್ತಿ, ಬೇಲೂರು, ಅರಸೀಕೆರೆಗಳ ನೆಲದ ಮೇಲೆ ಹಾಯ್ದ ಕಾಲುವೆಯಲ್ಲಿ ಕೋಲಾರ, ಚಿಕ್ಕಬಳ್ಳಾಪುರದವರೆಗೆ ಒಯ್ಯುವ ಯೋಜನೆ. 2014ರಲ್ಲಿ ಅಂದಾಜು 12,912 ಕೋಟಿ ರೂಪಾಯಿ, 2023ರಲ್ಲಿ ಪರಿಷ್ಕೃತ ಅಂದಾಜು 23,251 ಕೋಟಿ. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತದ ಪಂಪುಗಳು ಚಾಲೂ ಆದವು. ಕುಡಿಯುವ ನೀರಿಗಾಗಿ ಕಾದ ಜನರ ದಾಹವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಆ ಹಳ್ಳಗಳು ಸೇರುತ್ತಿದ್ದುದು ನೇತ್ರಾವತಿಯನ್ನು. ಕರಾವಳಿಯ ಜನ ‘ನಮ್ಮ ನದಿಯ ಗತಿಯೇನು’ ಎಂದು ವರ್ಷಗಟ್ಟಲೆ ಕೇಳಿದರು. ಪಕ್ಕದ ಹೊಲದವನ ಬಾವಿಯಿಂದ ಶುರುವಾದ ಪ್ರಶ್ನೆ ಘಟ್ಟ ಇಳಿದು ಸಮುದ್ರದವರೆಗೆ ಹೋಗಿದೆ. ನೆಲದ ಕೆಳಗಿನ ಲೆಕ್ಕವನ್ನು ಬರೆಯದೆ ಬಿಟ್ಟದ್ದಕ್ಕೆ ನೆಲದ ಮೇಲೆ ಸಾವಿರಾರು ಕೋಟಿಯ ಲೆಕ್ಕ ಬರೆಯಬೇಕಾಗಿ ಬಂದಿದೆ.

ಇಷ್ಟೆಲ್ಲ ನೋಡಿದ ಮೇಲೆ ನಮಗೆ ಅನಿಸುವುದು ಇದು. ಎಲ್ಲ ಹೊರೆಗೂ ತೆರಿಗೆಯೇ ಉತ್ತರವಲ್ಲ. ಕೆಲವನ್ನು ಹಾನಿ ಮಾಡಿದವನೇ ತೆರಬೇಕು, ಕೆಲವನ್ನು ಎಲ್ಲರೂ ಹಂಚಿಕೊಳ್ಳಬೇಕು, ಕೆಲವನ್ನು ಬಡವನೆಂದು ಮನ್ನಾ ಮಾಡಬೇಕು. ಮನ್ನಾ ಮಾಡುವುದು ದೊಡ್ಡ ಗುಣ. ಆದರೆ ಮನ್ನಾ ಮಾಡಬೇಕಾದರೂ ಮೊದಲು ಸಾಲ ಎಷ್ಟೆಂದು ಗೊತ್ತಿರಬೇಕು. ಲೆಕ್ಕವನ್ನೇ ಬರೆಯದೆ ಬಿಟ್ಟರೆ ಅದು ಮನ್ನಾ ಅಲ್ಲ, ಮರೆವು. ಇನ್ನೂ ಒಂದು ಮಾತು. ಮನ್ನಾ ಮಾಡುವ ಹಕ್ಕಿರುವುದು ಕಳೆದುಕೊಂಡವನಿಗೆ. ಬತ್ತಿದ ಬಾವಿಯವನ ಸಾಲವನ್ನು ಸರ್ಕಾರ ಅವನ ಪರವಾಗಿ ಮನ್ನಾ ಮಾಡಲಾಗದು. ‘ಹಕ್ಕುಲ್ ಇಬಾದ್’, ಅಂದರೆ ಮನುಷ್ಯರಿಗೆ ಮನುಷ್ಯರು ಕೊಡಬೇಕಾದದ್ದನ್ನು, ಆ ಮನುಷ್ಯರೇ ಕ್ಷಮಿಸಬೇಕು ಎಂದು ಚಿಕ್ಕಂದಿನಲ್ಲಿ ಮದರಸದಲ್ಲಿ ಕಲಿತದ್ದು ನಮ್ಮಲ್ಲಿ ಎಷ್ಟೋ ಜನಕ್ಕೆ ನೆನಪಿರಬಹುದು. ಅದನ್ನು ನಾವು ಸಾಲಕ್ಕೆ, ಚಾಡಿಗೆ, ತೂಕಕ್ಕೆ ಅನ್ವಯಿಸಿಕೊಂಡೆವು. ನೀರಿಗೆ ಅನ್ವಯಿಸಿಕೊಳ್ಳಲಿಲ್ಲ.

ಲೆಕ್ಕ ಬರೆಯುವುದು ಕಷ್ಟವೆ? ಪಂಜಾಬಿನಲ್ಲಿ 2018ರಲ್ಲಿ ಒಂದು ಯೋಜನೆ ಬಂತು. ರೈತನ ಉಚಿತ ವಿದ್ಯುತ್ತನ್ನು ಕಸಿಯಲಿಲ್ಲ. ಮೀಟರು ಹಾಕಿ ಇಂತಿಷ್ಟು ಯೂನಿಟ್ ನಿಮ್ಮದು ಎಂದರು, ಅದರಲ್ಲಿ ಉಳಿಸಿದ ಪ್ರತಿ ಯೂನಿಟ್ಟಿಗೆ 4 ರೂಪಾಯಿ ರೈತನ ಕೈಗೇ ಕೊಟ್ಟರು. ಮೀಟರು ಎಂದರೆ ಬಿಲ್ಲು ಎಂಬ ಭಯಕ್ಕೆ ಇದೊಂದು ಉತ್ತರ. ಕೆರೆಗೊಡಗೆಯ ವಾಸನೆ ಇದರಲ್ಲಿದೆ. 2019ರ ಡಿಸೆಂಬರಿನಲ್ಲಿ ಆರಂಭವಾದ ಅಟಲ್ ಭೂಜಲ ಯೋಜನೆ ಕರ್ನಾಟಕವೂ ಸೇರಿ ಏಳು ರಾಜ್ಯಗಳ ಆಯ್ದ ಪಂಚಾಯಿತಿಗಳಲ್ಲಿ ನೀರಿನ ಆಯವ್ಯಯ ಬರೆಯಲು ಹೊರಟಿತು. ಇಷ್ಟು ಮಳೆ ಬಂತು, ಇಷ್ಟು ಇಂಗಿತು, ಇಷ್ಟು ಎತ್ತಿದೆವು ಎಂಬ ಲೆಕ್ಕ. ಎಲಿನಾರ್ ಓಸ್ಟ್ರಮ್ ಎಂಬ ಮಹಿಳೆಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದೇ ಇಂಥ ವಿಷಯಕ್ಕೆ. ಸರ್ಕಾರದ ಬೆತ್ತವೂ ಇಲ್ಲದೆ, ಖಾಸಗಿ ಬೇಲಿಯೂ ಇಲ್ಲದೆ, ನೀರು-ಹುಲ್ಲು-ಕಾಡುಗಳನ್ನು ಬಳಸುವ ಜನ ತಾವೇ ನಿಯಮ ಮಾಡಿಕೊಂಡು ಉಳಿಸಿಕೊಂಡ ಉದಾಹರಣೆಗಳನ್ನು ಅವರು ಜಗತ್ತಿನ ನಾನಾ ಕಡೆಗಳಿಂದ ತೋರಿಸಿದರು. ನಮ್ಮ ಹಳ್ಳಿಗಳ ನೀರುಗಂಟಿಯೂ ಅದೇ ಜಾತಿಯವನು. ಕೆರೆಯ ತೂಬು ಎತ್ತುವುದು ಅವನ ಕೆಲಸ, ಯಾರ ಗದ್ದೆಗೆ ಎಷ್ಟು ಎಂಬುದು ಊರಿನ ತೀರ್ಮಾನ. ಕೊಳವೆಬಾವಿ ಬಂದ ಮೇಲೆ ಪ್ರತಿಯೊಬ್ಬನೂ ತನಗೆ ತಾನೇ ನೀರುಗಂಟಿಯಾದ.

ಉರ್ದುವಿನಲ್ಲಿ ನೆರೆಯವನಿಗೆ ‘ಹಮ್‌ಸಾಯಾ’ ಎನ್ನುತ್ತಾರೆ, ಒಂದೇ ನೆರಳಿನಲ್ಲಿ ಇರುವವನು ಎಂದರ್ಥ. ತೆಂಗಿನ ಸೀಮೆಯಲ್ಲಿ ನೆರಳು ಮೇಲೆ ಕಾಣುತ್ತದೆ, ಒಂದಕ್ಕೊಂದು ಸೇರಿದ ನೀರು ಕೆಳಗೆ ಕಾಣುವುದಿಲ್ಲ. ಗ್ರಾಮಸಭೆಯಲ್ಲಿ ಮನೆ ಹಂಚಿಕೆಗೆ, ರಸ್ತೆಗೆ, ಬೀದಿದೀಪಕ್ಕೆ ಜಗಳವಾಡುತ್ತೇವೆ. ಈ ಬಾರಿ ಇನ್ನೊಂದು ವಿಷಯವನ್ನೂ ಎತ್ತೋಣ. ಕಳೆದ ವರ್ಷ ನಮ್ಮೂರಿನಲ್ಲಿ ಎಷ್ಟು ಬಾವಿ ಕೊರೆಸಿದೆವು, ಎಷ್ಟು ಬಾವಿ ನಿಂತವು, ನಿಂತದ್ದು ಯಾರ್ಯಾರದು? ಕೊರೆಸಿದವರನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಲು ಅಲ್ಲ. ಅವರೂ ಸಾಲದಲ್ಲಿದ್ದಾರೆ. ಹೆಸರುಗಳನ್ನು ಒಂದೇ ಹಾಳೆಯ ಮೇಲೆ ಎದುರುಬದುರು ಬರೆದಿಟ್ಟರೆ ಮುಂದಿನ ಮಾತು ಎಲ್ಲಿಂದ ಶುರುವಾಗಬೇಕೆಂದು ಸಭೆಗೇ ತಿಳಿಯುತ್ತದೆ.